ಹೆಬ್ಬೆರಳಿಗಿಂತ ಚಿಕ್ಕ ಡಬ್ಬಿ: ಮೈಕ್ರೊ ಜಿಯೊಕ್ಯಾಶ್ ಮಾಡಿ ಅಡಗಿಸುವುದು ಹೇಗೆ

ಜಿಯೊಕ್ಯಾಶಿಂಗ್ ಅಂದರೆ ಜಿಪಿಎಸ್ ಹಿಡಿದು ಆಡುವ ಹುಡುಕಾಟ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ (ಇದಕ್ಕೆ ಜಿಯೊಕ್ಯಾಶ್, ಚಿಕ್ಕದಾಗಿ ಕ್ಯಾಶ್ ಅನ್ನುತ್ತಾರೆ), ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಿಯೊಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಹಾಕುತ್ತಾರೆ. ಇನ್ನೊಬ್ಬರು ಹೋಗಿ ಹುಡುಕಿ, ಒಳಗಿರುವ ಲಾಗ್ ಚೀಟಿಯಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರುತ್ತಾರೆ. ಇದು ಶುರುವಾಗಿದ್ದು 2000ನೇ ಇಸವಿಯ ಮೇ ತಿಂಗಳ ಮೊದಲ ವಾರದಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ಸ್ವಲ್ಪ ತಪ್ಪು ಸೇರಿಸುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಲ್ಲೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರಿಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಅದರ ಜಾಗವನ್ನು ಇಂಟರ್‌ನೆಟ್‌ನಲ್ಲಿ ತಿಳಿಸಿದರು. ಬಕೆಟ್‌ನಿಂದ ಹೊರಟ ಆಟ ಊರೊಳಗೆ ಬರುತ್ತಾ ಬರುತ್ತಾ ಬೆರಳ ತುದಿಯ ಡಬ್ಬಿಗೆ ಬಂದು ನಿಂತಿದೆ. ಈ ಲೇಖನ ಆ ಪುಟ್ಟ ಡಬ್ಬಿಗಳ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪುಟ್ಟ ಡಬ್ಬಿಯ ಕ್ಯಾಶ್‌ನಲ್ಲಿ ಜಾಣತನದಿಂದ ಅಡಗಿಸುವುದಕ್ಕಿಂತ ಚೀಟಿಯನ್ನು ಒಣಗಿಡುವುದು ದೊಡ್ಡ ಕೆಲಸ. ಡಬ್ಬಿ ಚಿಕ್ಕದಾದಷ್ಟೂ ಅದನ್ನು ನೋಡಿಕೊಳ್ಳುವ ಕೆಲಸ ಜಾಸ್ತಿಯಾಗುತ್ತದೆ.

ಮೊದಲ ಪ್ರಶ್ನೆ: ಚಿಕ್ಕದೇ ಬೇಕಾ?

100 ಮಿಲಿಲೀಟರ್‌ಗಿಂತ ಕಡಿಮೆ ಹಿಡಿಯುವ ಡಬ್ಬಿಯನ್ನು ಮೈಕ್ರೊ ಅನ್ನುತ್ತಾರೆ. 100 ಮಿಲಿಲೀಟರ್‌ನಿಂದ ಒಂದು ಲೀಟರ್‌ವರೆಗಿನದು ಸ್ಮಾಲ್. ಮೈಕ್ರೊದಲ್ಲೇ ಅತಿ ಚಿಕ್ಕದನ್ನು ಆಡುವವರು ನ್ಯಾನೊ ಅಂತ ಕರೆಯುತ್ತಾರೆ. ಆದರೆ ನೋಂದಾಯಿಸುವಾಗ ಅಳತೆಯ ಜಾಗದಲ್ಲಿ ಮೈಕ್ರೊ ಅಂತಲೇ ಆರಿಸಬೇಕು. ನ್ಯಾನೊ ಅನ್ನುವುದನ್ನು ವಿವರಣೆಯಲ್ಲಿ ಬರೆಯಿರಿ, ಹುಡುಕುವವರಿಗೆ ಉಪಕಾರವಾಗುತ್ತದೆ.

ಜಾಗ ಎಷ್ಟು ದೊಡ್ಡ ಡಬ್ಬಿಯನ್ನು ಹಿಡಿಯುತ್ತದೋ ಅಷ್ಟು ದೊಡ್ಡದನ್ನೇ ಇಡಿ. ತೋಟದ ಬೇಲಿ, ಬಂಡೆಗಳ ಸಂದು, ಗೆಳೆಯರ ಎಸ್ಟೇಟ್ ಇಂಥ ಕಡೆ ಊಟದ ಡಬ್ಬಿಯಷ್ಟು ದೊಡ್ಡದು ಆರಾಮಾಗಿ ಕೂರುತ್ತದೆ. ಅಲ್ಲಿ ಮಕ್ಕಳು ಸಣ್ಣಪುಟ್ಟ ಆಟಿಕೆ ಅದಲುಬದಲು ಮಾಡಿಕೊಳ್ಳಬಹುದು, ಒಂದು ನೋಟ್‌ಬುಕ್, ಪೆನ್ಸಿಲ್ ಕೂಡ ಇಡಬಹುದು. ಅಂಥ ಜಾಗದಲ್ಲಿ ಬಟನ್ ಸೆಲ್‌ನಷ್ಟು ನ್ಯಾನೊ ಇಟ್ಟರೆ ಹುಡುಕುವವರು ಗಿಡ ತುಳಿದು ಕಲ್ಲು ಕಿತ್ತು ಜಾಗವನ್ನೇ ಹಾಳು ಮಾಡುತ್ತಾರೆ. ತಪ್ಪು ಅವರದಲ್ಲ, ಇಟ್ಟವರದು. ಜನ ಓಡಾಡುವ ಕಡೆ, ದೊಡ್ಡದು ಇಟ್ಟರೆ ಒಂದೇ ದಿನದಲ್ಲಿ ಮಾಯವಾಗುವ ಕಡೆ ಮಾತ್ರ ಮೈಕ್ರೊ ಸರಿ.

ಡಬ್ಬಿ ಆರಿಸುವುದು

ಫಿಲ್ಮ್ ರೋಲ್ ಡಬ್ಬಿ ಇದರಲ್ಲಿ ಹಳೆಯದು. 35 ಮಿಲಿಮೀಟರ್ ಕ್ಯಾಮೆರಾ ಇದ್ದ ಮನೆಗಳಲ್ಲಿ ಇವತ್ತಿಗೂ ಒಂದೆರಡು ಇರುತ್ತವೆ, ಗುಂಡುಪಿನ್ನು ಹಾಕಿಟ್ಟುಕೊಂಡು. ಸುಮಾರು ಐದು ಸೆಂಟಿಮೀಟರ್ ಎತ್ತರ, ಮೂರು ಸೆಂಟಿಮೀಟರ್ ಅಗಲ. ಹೊರಗೆ ಸಿಗಿಸುವ ಬೂದು ಮುಚ್ಚಳದ ಕಪ್ಪು ಡಬ್ಬಿ ಬಿಸಿಲಿಗೆ ಬೇಗ ಸಡಿಲವಾಗುತ್ತದೆ. ಒಳಗೆ ಒತ್ತಿ ಕೂರುವ ಮುಚ್ಚಳದ ಪಾರದರ್ಶಕ ಡಬ್ಬಿ ಅದಕ್ಕಿಂತ ವಾಸಿ. ಎರಡೂ ಬಯಲಿನಲ್ಲಿ ಮಳೆಗಾಲ ದಾಟುವುದು ಕಷ್ಟ. ಮೇಲೆ ಸೂರು ಇರುವ ಜಾಗಕ್ಕಾದರೆ ಬಳಸಿ.

ನನಗೆ ಬಹಳ ಇಷ್ಟವಾದದ್ದು ಪೆಟ್ ಪ್ರಿಫಾರ್ಮ್. ನೀರಿನ ಬಾಟಲಿ, ಕೂಲ್‌ಡ್ರಿಂಕ್ ಬಾಟಲಿ ಊದುವ ಮೊದಲು ಅದು ದಪ್ಪ ಗೋಡೆಯ ಒಂದು ಪುಟ್ಟ ಕೊಳವೆಯಾಗಿರುತ್ತದೆ. ಬಾಯಿ ಮಾತ್ರ ಪೂರ್ತಿ ಬಾಟಲಿಯದು, ಹಾಗಾಗಿ ಮಾಮೂಲಿ ಬಾಟಲಿ ಮುಚ್ಚಳವೇ ಅದಕ್ಕೆ ಕೂರುತ್ತದೆ. ಜರ್ಮನಿಯ ಜಿಯೊಕ್ಯಾಶರ್‌ಗಳು ಇದನ್ನು ಪೆಟ್‌ಲಿಂಗ್ ಅಂತ ಕರೆಯುತ್ತಾರೆ, ಅಲ್ಲಿ ಇದು ಎಲ್ಲೆಲ್ಲೂ ಇದೆ. ಸೋಡಾದ ಒತ್ತಡ ತಡೆಯಲೆಂದೇ ಮಾಡಿದ ಬಾಯಿಯಾದ್ದರಿಂದ ಗಟ್ಟಿಯಾಗಿ ತಿರುಗಿಸಿದರೆ ನೀರು ಒಳಗೆ ಹೋಗುವುದಿಲ್ಲ. ಮುಚ್ಚಳ ಕಳೆದುಹೋದರೂ ಚಿಂತೆಯಿಲ್ಲ, ಇನ್ನೊಂದು ಎಲ್ಲಾದರೂ ಸಿಗುತ್ತದೆ. ನೀರಿನ ಬಾಟಲಿ ತಯಾರಿಸುವ ಸಣ್ಣ ಕಾರ್ಖಾನೆಗಳಲ್ಲಿ ಕೇಳಿ ನೋಡಿ, ನಾಲ್ಕಾರು ಕೊಡುವ ಸಾಧ್ಯತೆ ಇದೆ. ಮುಚ್ಚಳಕ್ಕೆ ತೂತು ಮಾಡಿ ಹಗ್ಗ ಕಟ್ಟಬೇಡಿ, ಅಲ್ಲಿಗೆ ಅದರ ಗುಣವೆಲ್ಲಾ ಹೋಯಿತು. ಕುತ್ತಿಗೆಯ ಬಳಿ ಇರುವ ಉಂಗುರದ ಕೆಳಗೆ ಕಟ್ಟಿ.

ನಮ್ಮ ಕಡೆ ಸುಲಭವಾಗಿ ಸಿಗುವ ಇನ್ನೊಂದು ಒಳ್ಳೆ ಡಬ್ಬಿ, ಶುಗರ್ ನೋಡುವ ಸ್ಟ್ರಿಪ್‌ಗಳದು. ಸ್ಟ್ರಿಪ್‌ಗೆ ತೇವ ತಾಗಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಆ ಡಬ್ಬಿಯ ಮುಚ್ಚಳ ಬಿಗಿಯಾಗಿರುತ್ತದೆ, ಹಲವು ಡಬ್ಬಿಗಳಲ್ಲಿ ತೇವ ಹೀರುವ ಪದರವೂ ಇರುತ್ತದೆ. ಮುಚ್ಚಳ ಡಬ್ಬಿಗೇ ಅಂಟಿಕೊಂಡಿರುವ ಮಾದರಿಯಾದರೆ ಕಳೆಯುವ ಪ್ರಶ್ನೆಯೂ ಇಲ್ಲ. ಬಳಸಿದ ಸ್ಟ್ರಿಪ್‌ಗಳನ್ನು ವಾಪಸ್ ಹಾಕಿಟ್ಟ ಡಬ್ಬಿ ಬೇಡ, ಅದರಲ್ಲಿ ರಕ್ತ ತಾಗಿರುತ್ತದೆ. ಒಳಗೆ ತೊಳೆಯಲೂಬೇಡಿ, ಆ ಪದರ ಕೆಲಸಕ್ಕೆ ಬಾರದಂತಾಗುತ್ತದೆ. ಹೊರಗಿನ ಲೇಬಲ್ ಮಾತ್ರ ಪೂರ್ತಿ ಕಿತ್ತುಹಾಕಿ.

ಬೈಸನ್ ಟ್ಯೂಬ್ ಅಂದರೆ ಕೀ ಬಂಚ್‌ಗೆ ಸಿಕ್ಕಿಸುವಂಥ ಅಲ್ಯೂಮಿನಿಯಂ ಕೊಳವೆ. ತಿರುಗಿಸುವ ಮುಚ್ಚಳ, ಒಳಗೊಂದು ರಬ್ಬರ್ ರಿಂಗ್. ಅದರ ಜೀವ ಇರುವುದೇ ಆ ರಿಂಗ್‌ನಲ್ಲಿ. ರಿಂಗ್ ಬಿರುಕು ಬಿಟ್ಟರೆ ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಚೀಟಿ ಮುದ್ದೆಯಾಗುತ್ತದೆ. ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿದರೆ ಬಾಳಿಕೆ ಬರುತ್ತದೆ. ತೆಂಗಿನೆಣ್ಣೆ, ವ್ಯಾಸಲೀನ್ ಬೇಡ. ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಸಡಿಲವಾಗುತ್ತದೆ. ಮಂಗಳೂರು, ಕಾರವಾರದಂಥ ಕಡಲ ತೀರದ ಊರಾದರೆ ಅಲ್ಯೂಮಿನಿಯಂ ಬೇಡವೇ ಬೇಡ. ಉಪ್ಪು ಗಾಳಿಗೆ ತಿರುಗಣೆಯಲ್ಲಿ ಬಿಳಿ ಪುಡಿ ಕಟ್ಟಿ ಮುಚ್ಚಳ ಬಿಗಿದು ಕೂರುತ್ತದೆ. ಅಲ್ಲಿ ಪ್ಲಾಸ್ಟಿಕ್ಕೇ ಸರಿ.

ನ್ಯಾನೊ ಲೋಹದ ಪುಟ್ಟ ಡಬ್ಬಿ, ತಳದಲ್ಲಿ ಮ್ಯಾಗ್ನೆಟ್. ಅಗಲ ಸುಮಾರು 11 ಮಿಲಿಮೀಟರ್. ಕಬ್ಬಿಣದ ಬೆಂಚಿನ ಕೆಳಗೆ, ಫಲಕದ ಹಿಂದೆ ಕಚ್ಚಿ ಕೂರುತ್ತದೆ. ನೋಡಲು ಮುದ್ದಾಗಿದೆ ಅಂತ ಹೊಸಬರೆಲ್ಲಾ ಇದನ್ನೇ ಕೊಳ್ಳುತ್ತಾರೆ. ಆದರೆ ಮುಚ್ಚಳ ಕೈಜಾರಿ ಬಿದ್ದರೆ ಸಿಗುವುದಿಲ್ಲ, ಚೀಟಿ ಬೇಗ ತುಂಬುತ್ತದೆ, ದಪ್ಪ ಬೆರಳಿನವರಿಗೆ ಚೀಟಿ ಸುತ್ತಿ ಒಳಗೆ ಹಾಕಲು ಆಗುವುದೇ ಇಲ್ಲ. ಮೊದಲ ಕ್ಯಾಶ್‌ಗೆ ನ್ಯಾನೊ ಬೇಡ ಅನ್ನುವುದು ನನ್ನ ಸಲಹೆ.

ಮಾತ್ರೆ ಬಾಟಲಿ, ಪುದೀನ ಮಿಠಾಯಿಯ ತಗಡಿನ ಡಬ್ಬಿ, ಡಬ್ಬಿಯಿಲ್ಲದ ಬರೀ ಜಿಪ್ ಕವರ್, ಇವು ಯಾವುವೂ ಬಯಲಿಗೆ ಆಗುವುದಿಲ್ಲ. ಗಾಜಿನದನ್ನು ಎಲ್ಲೂ ಇಡಬೇಡಿ.

ನೀರಿನ ಪರೀಕ್ಷೆ

ಡಬ್ಬಿಯನ್ನು ಹೊರಗಿಡುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಒಳಗೆ ಟಿಶ್ಯೂ ಪೇಪರ್ ತುಂಡು ಹಾಕಿ ಮುಚ್ಚಿ, ಕಲ್ಲು ಕಟ್ಟಿ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಹೊರಗೆ ಚೆನ್ನಾಗಿ ಒರೆಸಿ ಆಮೇಲೆ ತೆರೆಯಿರಿ.

ಇದರಲ್ಲಿ ಪಾಸಾದರೂ ಸಾಲದು. ಎರಡನೆಯ ಪರೀಕ್ಷೆ ನಮ್ಮ ಹವೆಗೆ ಇನ್ನೂ ಮುಖ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಡಬ್ಬಿ ಕಾದಾಗ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ಇದ್ದಕ್ಕಿದ್ದಂತೆ ಮಳೆ ಹೊಡೆದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಮುಚ್ಚಳದ ಅಂಚಿನಲ್ಲಿ ನಿಂತ ನೀರನ್ನು ಡಬ್ಬಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಮೇ ತಿಂಗಳ ಮಳೆಯಲ್ಲಿ ಇದು ಆಗುತ್ತಲೇ ಇರುತ್ತದೆ. ಹಾಗಾಗಿ ಡಬ್ಬಿಯನ್ನು ಅರ್ಧ ಗಂಟೆ ಬಿಸಿಲಿಗೆ ಇಟ್ಟು, ಕಾದ ಕೂಡಲೇ ತಣ್ಣೀರಿಗೆ ಹಾಕಿ. ಟಿಶ್ಯೂ ಆಗಲೂ ಒಣಗಿದ್ದರೆ ಆ ಡಬ್ಬಿಯನ್ನು ನಂಬಬಹುದು.

ಇಡುವಾಗ ಮುಚ್ಚಳ ಕೆಳಮುಖವಾಗಿರಲಿ. ಇಷ್ಟು ಸಣ್ಣ ವಿಷಯದಿಂದ ಅರ್ಧ ತೊಂದರೆ ತಪ್ಪುತ್ತದೆ.

ಲಾಗ್ ಚೀಟಿ

ಮೈಕ್ರೊದಲ್ಲಿ ಚೀಟಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಹುಡುಕಿದವರಿಗೆ ಸಿಕ್ಕಿತು ಅನ್ನುವುದಕ್ಕೆ ಅದರ ಮೇಲಿನ ಸಹಿಯೇ ಸಾಕ್ಷಿ. ಹಾಗಾಗಿ ಇದಕ್ಕೆ ಸ್ವಲ್ಪ ಸಮಯ ಕೊಡಿ.

ಡಬ್ಬಿಯ ಒಳ ಎತ್ತರ ಅಳೆದು, ಅದಕ್ಕಿಂತ ಎರಡು ಮಿಲಿಮೀಟರ್ ಕಡಿಮೆ ಅಗಲದ ಪಟ್ಟಿ ಕತ್ತರಿಸಿ. ಸರಿಯಾಗಿ ಅಳತೆಗೇ ಕತ್ತರಿಸಿದರೆ ಮುಚ್ಚುವಾಗ ಅಂಚು ಮಡಚಿ ಮುಚ್ಚಳದೊಳಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದಲೇ ನೀರು ಇಳಿಯುತ್ತದೆ. ಮೇಲ್ತುದಿಯಲ್ಲಿ ಕ್ಯಾಶ್‌ನ ಹೆಸರು ಮತ್ತು ನೋಂದಾಯಿಸಿದಾಗ ತಾಣ ಕೊಡುವ, ಜಿಸಿ (GC) ಇಂದ ಶುರುವಾಗುವ ಅದರ ಸಂಖ್ಯೆ ಬರೆಯಿರಿ. ಪಟ್ಟಿಯ ಉದ್ದ ಅರ್ಧವಾಗುವಂತೆ ಮಡಚಿ, ಮಡಿಕೆಯ ಕಡೆಯಿಂದ ಸುತ್ತಿದರೆ ಸುರುಳಿ ಸಣ್ಣದಾಗಿ ಗಟ್ಟಿಯಾಗಿ ಬರುತ್ತದೆ. ಸುರುಳಿ ಡಬ್ಬಿಯ ಬಾಯಿಗಿಂತ ಸಲೀಸಾಗಿ ಚಿಕ್ಕದಾಗಿರಲಿ. ಬೆರಳಲ್ಲಿ ಹಿಡಿದು ಎಳೆಯಲು ಆಗದ ಚೀಟಿಯನ್ನು ಜನ ಪಿನ್ನು, ಕಡ್ಡಿ ಹಾಕಿ ಕೆದಕಿ ಹರಿಯುತ್ತಾರೆ. ಪ್ರಿಫಾರ್ಮ್‌ನಂಥ ಉದ್ದ ಕೊಳವೆಗೆ ಒಂದು ಉಪಾಯ ಇದೆ. ಚೀಟಿಯ ತುದಿಗೆ ದಾರದ ಸಣ್ಣ ಬಾಲ ಅಂಟಿಸಿ, ಎಳೆದರೆ ಬರುತ್ತದೆ. ದಾರ ಪೂರ್ತಿ ಒಳಗೇ ಇರಬೇಕು.

ಮಾಮೂಲಿ ಕಾಗದದ ಬದಲು ನೀರು ಹಿಡಿಯದ ಕಾಗದ ಸಿಕ್ಕಿದರೆ ಒಳ್ಳೆಯದು. ಹೊರದೇಶಗಳಲ್ಲಿ ರೈಟ್ ಇನ್ ದ ರೇನ್ ಎಂಬ ಕಾಗದ ಬಳಸುತ್ತಾರೆ. ಸ್ಟೋನ್ ಪೇಪರ್, ಟೈವೆಕ್ ಕೂಡ ನಡೆಯುತ್ತದೆ. ಹರಿಯದಂಥ ಬಿಳಿ ಕೊರಿಯರ್ ಕವರ್‌ಗಳಲ್ಲಿ ಕೆಲವು ಟೈವೆಕ್‌ನದೇ ಆಗಿರುತ್ತವೆ. ಒಂದು ತುಂಡು ಕತ್ತರಿಸಿ ಬಾಲ್‌ಪೆನ್‌ನಲ್ಲಿ ಬರೆದು, ನೀರಿಗೆ ಹಾಕಿ ನೋಡಿ. ಜೆಲ್ ಪೆನ್ ಯಾವ ಕಾಗದದಲ್ಲೂ ಬೇಡ, ತೇವಕ್ಕೆ ಹರಡುತ್ತದೆ. ಮೈಕ್ರೊದಲ್ಲಿ ಪೆನ್ನಿಗೆ ಜಾಗ ಇರುವುದಿಲ್ಲ, ಆದ್ದರಿಂದ ಪೆನ್ ತನ್ನಿ ಅಂತ ವಿವರಣೆಯಲ್ಲಿ ತಪ್ಪದೆ ಬರೆಯಿರಿ.

ಚಿನ್ನದಂಗಡಿಯಲ್ಲಿ ಮೂಗುತಿ ಹಾಕಿಕೊಡುವ ಪುಟ್ಟ ಜಿಪ್ ಕವರ್ ಗೊತ್ತಲ್ವಾ? ಚೀಟಿಗೆ ಅದನ್ನು ಬಳಸಬೇಕೋ ಬೇಡವೋ ಅನ್ನುವುದರಲ್ಲಿ ಎರಡು ಅಭಿಪ್ರಾಯ ಇದೆ. ನನ್ನ ಮಟ್ಟಿಗೆ, ಡಬ್ಬಿ ನೀರಿನ ಪರೀಕ್ಷೆ ಗೆದ್ದಿದ್ದರೆ ಕವರ್ ಬೇಡ. ಕವರ್‌ನ ಮೂಲೆ ಮುಚ್ಚಳದಲ್ಲಿ ಸಿಕ್ಕಿಕೊಂಡರೆ ಬಿಗಿ ಹೋಗುತ್ತದೆ. ಕವರ್ ಒಳಗೆ ಒಮ್ಮೆ ತೇವ ಸೇರಿದರೆ ಆರುವುದೂ ಇಲ್ಲ, ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣವೂ ಅಷ್ಟೇ. ಪದೇ ಪದೇ ತೆರೆಯುವ ಡಬ್ಬಿಯಲ್ಲಿ ಅದು ಕೆಲವೇ ದಿನದಲ್ಲಿ ತುಂಬಿ ಸುಮ್ನೆ ಜಾಗ ತಿನ್ನುತ್ತದೆ.

ಮ್ಯಾಗ್ನೆಟ್ ಮತ್ತು ಅಂಟು

ಡಬ್ಬಿಗೆ ನೀವೇ ಮ್ಯಾಗ್ನೆಟ್ ಅಂಟಿಸುವುದಾದರೆ ಮೊದಲು ಜಾಗವನ್ನು ಪರೀಕ್ಷಿಸಿ. ನಮ್ಮ ಊರುಗಳ ಹೊಸ ಕಂಬಿಗಳೆಲ್ಲಾ ಹೊಳೆಯುವ ಸ್ಟೀಲ್. ಅದರಲ್ಲಿ ಬಹಳಷ್ಟು 304 ದರ್ಜೆಯದು, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ಬಣ್ಣ ಬಳಿದ ಹಳೆಯ ಕಬ್ಬಿಣವಾದರೆ ಗಟ್ಟಿ ಹಿಡಿಯುತ್ತದೆ.

ಬೆಳ್ಳಿಯಂತೆ ಹೊಳೆಯುವ ನಿಯೊಡಿಮಿಯಂ ಮ್ಯಾಗ್ನೆಟ್ ಚಿಕ್ಕದಾದರೂ ಬಲ ಜಾಸ್ತಿ. ಮೇಲಿನ ಲೇಪ ಸಿಡಿದರೆ ತುಕ್ಕು ಹಿಡಿದು ಪುಡಿಯಾಗುತ್ತದೆ, ಅದಕ್ಕೇ ಅಂಟಿನಲ್ಲೇ ಪೂರ್ತಿ ಮುಚ್ಚಿಬಿಡಿ. ಸ್ಪೀಕರ್‌ನಲ್ಲಿ ಬರುವ ಕಪ್ಪು ಮ್ಯಾಗ್ನೆಟ್‌ಗೆ ತುಕ್ಕಿನ ಕಾಟ ಇಲ್ಲ, ಬಲ ಕಡಿಮೆ. ಅಂಟಿಗೆ ಎರಡು ಟ್ಯೂಬ್ ಬೆರೆಸುವ ಅರಾಲ್ಡೈಟ್ ಥರದ್ದು ಬೇಕು. ಡಬ್ಬಿಯ ಮೈಯನ್ನು ಎಮರಿ ಪೇಪರ್‌ನಿಂದ ಉಜ್ಜಿ ಒರಟು ಮಾಡಿ ಹಚ್ಚಿ, ಒಂದು ದಿನ ಬಿಡಿ. ಕ್ಷಣದಲ್ಲಿ ಹಿಡಿಯುವ ಅಂಟು ಬಿಸಿಲು ಮಳೆಗೆ ಕಳಚಿಕೊಳ್ಳುತ್ತದೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಮ್ಯಾಗ್ನೆಟ್‌ಗಳನ್ನು ಎತ್ತರದಲ್ಲಿ ಬೀಗ ಹಾಕಿಡಿ. ಎರಡು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ಕರುಳನ್ನು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಸಡಿಲ ಮ್ಯಾಗ್ನೆಟ್ ಇರುವ ಡಬ್ಬಿಯನ್ನು ಮಕ್ಕಳು ಆಡುವ ಪಾರ್ಕ್‌ನಲ್ಲಿ ಇಡಲೇಬೇಡಿ.

ನೇತುಹಾಕುವುದಾದರೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಬಳಸಿ. ಮರಕ್ಕೆ ಮೊಳೆ ಹೊಡೆಯುವುದು, ಗೋಡೆಗೆ ತೂತು ಕೊರೆಯುವುದು, ನೆಲ ಅಗೆದು ಹೂಳುವುದು, ಇವೆಲ್ಲಾ ಆಟದ ನಿಯಮಕ್ಕೆ ವಿರುದ್ಧ. ಕೊಂಬೆಗೆ ತಂತಿಯನ್ನು ಸಡಿಲವಾಗಿ ಸುತ್ತಿ, ಮರ ಬೆಳೆದಾಗ ಬಿಗಿಯಬಾರದು.

ಜಾಗ ಮತ್ತು ಅನುಮತಿ

ಹತ್ತಿರದ ಇನ್ನೊಂದು ಕ್ಯಾಶ್‌ನಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಇದು ಮೈಲಿಯ ಹತ್ತನೇ ಒಂದು ಭಾಗ. ಸಲ್ಲಿಸಿದ ಮೇಲೆ ಸ್ವಯಂಸೇವಕ ಪರಿಶೀಲಕರೊಬ್ಬರು ನೋಡಿ ಒಪ್ಪಿದರೆ ಮಾತ್ರ ಅದು ಪ್ರಕಟವಾಗುತ್ತದೆ.

ಅಮೆರಿಕದಲ್ಲಿ ಅಂಗಡಿ ಮುಂದಿನ ಪಾರ್ಕಿಂಗ್ ದೀಪದ ಕಂಬದ ಬುಡದಲ್ಲಿ ಒಂದು ಲೋಹದ ಕವಚ ಇರುತ್ತದೆ. ಅದನ್ನು ಎತ್ತಿ ಫಿಲ್ಮ್ ಡಬ್ಬಿ ಇಡುವುದು ಅಲ್ಲಿ ಬಹಳ ಮಾಮೂಲಿ. ಅಲ್ಲಿ ಆಡಿ ಬಂದವರು ಅದೇ ಅಭ್ಯಾಸವನ್ನು ಇಲ್ಲಿ ಮುಂದುವರಿಸಬಾರದು. ನಮ್ಮಲ್ಲಿ ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್, ರಸ್ತೆ ಬದಿಯ ಕರೆಂಟ್ ಬಾಕ್ಸ್ ಇವುಗಳ ಹತ್ತಿರವೂ ಸುಳಿಯಬೇಡಿ. ಮಳೆಯಲ್ಲಿ ಕಂಬಕ್ಕೆ ವಿದ್ಯುತ್ ಹರಿದು ಜನ ಸತ್ತದ್ದು ನಮಗೆಲ್ಲಾ ಗೊತ್ತು. ನೀವು ಕಂಬದ ಮೇಲೆ ಇಡದಿದ್ದರೂ, ಕಂಬ ನಾಲ್ಕು ಹೆಜ್ಜೆ ದೂರದಲ್ಲಿದ್ದರೆ ಹುಡುಕುವವರು ಅದನ್ನೇ ಮೊದಲು ಮುಟ್ಟುತ್ತಾರೆ.

ರೈಲ್ವೆ ನಿಲ್ದಾಣ, ಮೆಟ್ರೊ, ವಿಮಾನ ನಿಲ್ದಾಣ, ಅಣೆಕಟ್ಟು, ಸೇನೆಯ ಜಾಗ, ಶಾಲೆ, ಕೋರ್ಟ್, ದೇವಸ್ಥಾನ, ಮಸೀದಿ, ಚರ್ಚ್ ಎಲ್ಲವನ್ನೂ ಬಿಟ್ಟುಬಿಡಿ. ಕೊಳವೆಯಾಕಾರದ ಅಪರಿಚಿತ ವಸ್ತುವನ್ನು ಗುಟ್ಟಾಗಿ ಇಡುವವರನ್ನು ಕಂಡರೆ ಯಾರಿಗಾದರೂ ಭಯವಾಗುತ್ತದೆ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಊರಿನಲ್ಲಿ ಹೀಗೇ ಆಯಿತು. ಕೆಫೆಯ ಹೊರಗೆ ಒಬ್ಬರು ಕ್ಯಾಶ್ ಡಬ್ಬಿ ತೆಗೆದಿಟ್ಟದ್ದನ್ನು ನೋಡಿದವರು ಪೊಲೀಸರಿಗೆ ಹೇಳಿದರು. ಬಾಂಬ್ ನಿಷ್ಕ್ರಿಯ ದಳ ಬಂದು ಆ ಡಬ್ಬಿಯನ್ನು ಸ್ಫೋಟಿಸಿತು. ಹಂಪಿ, ಬಾದಾಮಿ, ಬೇಲೂರಿನಂಥ ರಕ್ಷಿತ ಸ್ಮಾರಕಗಳ ಕಲ್ಲಿನ ಸಂದಿಗೂ ಕೈ ಹಾಕಬೇಡಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವಂತೆಯೇ ಇಲ್ಲ.

ಹಾಗಾದರೆ ಎಲ್ಲಿ ಇಡುವುದು? ಯಾರನ್ನು ಕೇಳಬೇಕು ಅಂತ ಗೊತ್ತಿರುವ ಜಾಗದಲ್ಲಿ. ಪರಿಚಯದವರ ಕೆಫೆಯ ಕಾಂಪೌಂಡ್, ಹೋಂಸ್ಟೇ, ಪುಸ್ತಕದಂಗಡಿಯ ಜಗಲಿ, ನಿಮ್ಮದೇ ಮನೆಯ ಗೇಟಿನ ಹೊರಗಿನ ಹೂಕುಂಡ. ಮಾಲೀಕರನ್ನು ಕೇಳಿದರೆ ಸಾಲದು, ವಾಚ್‌ಮನ್‌ಗೂ ಗುಡಿಸುವವರಿಗೂ ತೋರಿಸಿ ಹೇಳಿ. ಡಬ್ಬಿ ಮೊದಲು ಕಣ್ಣಿಗೆ ಬೀಳುವುದು ಅವರಿಗೇ, ಕಸ ಅಂತ ಎಸೆಯುವುದೂ ಸಹಜ. ಡಬ್ಬಿಯ ಮೇಲೆ ಜಾಗ ಇದ್ದರೆ ಕನ್ನಡದಲ್ಲಿ ಬರೆಯಿರಿ: "ಇದು ಜಿಯೊಕ್ಯಾಶ್ ಆಟದ ಡಬ್ಬಿ, ಅಪಾಯವಿಲ್ಲ, ದಯವಿಟ್ಟು ಇಲ್ಲೇ ಇಡಿ." ಇಂಗ್ಲಿಷ್‌ನಲ್ಲಿ ಮಾತ್ರ ಬರೆದರೆ ಓದಬೇಕಾದವರು ಓದುವುದಿಲ್ಲ.

ಜಾಗ ನೋಡುವಾಗ ಹುಡುಕುವವರ ಕೈ ಎಲ್ಲೆಲ್ಲಿ ಹೋಗಬಹುದು ಅಂತ ಯೋಚಿಸಿ. ಕಲ್ಲುಗೋಡೆಯ ಬಿಲ, ಒಣ ಎಲೆಯ ರಾಶಿ ಇದ್ದರೆ ಹಾವು ಚೇಳಿನ ಭಯ. ಜೇನು, ಕಣಜದ ಗೂಡು ಇದೆಯೇ ಅಂತ ಮೇಲೂ ನೋಡಿ. ಡಬ್ಬಿ ನೆಲಕ್ಕೆ ತಾಗಿರಬಾರದು. ಗೆದ್ದಲು ಸುತ್ತ ಮಣ್ಣು ಕಟ್ಟಿದರೆ ಡಬ್ಬಿ ಕಾಣುವುದೂ ಇಲ್ಲ, ತೆರೆಯುವುದೂ ಇಲ್ಲ. ತಿಂಡಿ, ವಾಸನೆಯ ವಸ್ತು ಒಳಗೆ ಹಾಕಬಾರದು, ಕೋತಿ ಇರುವ ಕಡೆಯಂತೂ ಸುತರಾಂ ಬೇಡ.

ರಜೆಗೆ ಊರಿಗೆ ಬಂದ ಅನಿವಾಸಿ ಕನ್ನಡಿಗರಿಗೆ ನೆನಪಿಗೊಂದು ಡಬ್ಬಿ ಇಟ್ಟು ಹೋಗುವ ಆಸೆ ಆಗುತ್ತದೆ. ಆದರೆ ದೂರದಿಂದ ನೋಡಿಕೊಳ್ಳಲಾಗದ ಕ್ಯಾಶನ್ನು ಪರಿಶೀಲಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಊರಿನಲ್ಲಿರುವ ತಮ್ಮನೋ ಅತ್ತಿಗೆಯೋ ಚೀಟಿ ಬದಲಿಸಲು ಒಪ್ಪಿದ್ದರೆ, ಅದನ್ನು ಸಲ್ಲಿಸುವಾಗಲೇ ತಿಳಿಸಿ.

ಜಾಗದ ಲೆಕ್ಕ ಮತ್ತು ಸುಳಿವು

ಮೊಬೈಲ್ ಜಿಪಿಎಸ್ ಬಯಲಿನಲ್ಲಿ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಬಕೆಟ್ ಹುಡುಕಲು ಅದು ಸಾಕು. ಆದರೆ ಐದು ಮೀಟರ್ ತ್ರಿಜ್ಯದ ವೃತ್ತ ಅಂದರೆ 78 ಚದರ ಮೀಟರ್, ಅಷ್ಟರಲ್ಲಿ ಬೆರಳ ತುದಿಯ ಡಬ್ಬಿ ಹುಡುಕಬೇಕು. ಎತ್ತರದ ಕಟ್ಟಡದ ಪಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ಅದಕ್ಕೇ ಒಂದೇ ಸಲ ನೋಡಿ ಬರೆದುಕೊಳ್ಳಬೇಡಿ. ಡಬ್ಬಿಯ ಜಾಗದಲ್ಲಿ ಕೆಲವು ನಿಮಿಷ ನಿಂತು ಅಂಕಿ ನೆಲೆಗೊಳ್ಳಲಿ, ಬೇರೆ ಬೇರೆ ದಿನ ಹೋಗಿ ಓದಿ, ಸರಾಸರಿ ತೆಗೆಯಿರಿ. ಜಿಯೊಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುವುದು ರೂಢಿ. ಕೊನೆಯ ಅಂಕಿ, ಅಂದರೆ 0.001 ನಿಮಿಷ, ಅಕ್ಷಾಂಶದಲ್ಲಿ 1.85 ಮೀಟರ್‌ಗೆ ಸಮ.

ಸುಳಿವು ನೇರವಾಗಿರಲಿ. "ಕೆಳಗೆ ನೋಡಿ" ಅಂದರೆ ಏನೂ ಹೇಳಿದಂತಾಗಲಿಲ್ಲ. "ಹಸಿರು ಬೆಂಚು, ಎಡಗಾಲು, ಮ್ಯಾಗ್ನೆಟ್" ಅಂದರೆ ಸರಿ. ನಮ್ಮ ಊರಿಗೆ ಹುಡುಕಲು ಬರುವವರಲ್ಲಿ ಕೆಲವೇ ಗಂಟೆ ಇರುವ ಪ್ರವಾಸಿಗಳು ಬಹಳ. ಅವರಿಗೆ ಸಿಗದೆ ಹೋದರೆ ಮತ್ತೆ ಬರುವುದಿಲ್ಲ.

ಒಂದು ಮಾತು ಕನ್ನಡದಲ್ಲಿ ಸುಳಿವು ಬರೆಯುವವರಿಗೆ. ಜಿಯೊಕ್ಯಾಶಿಂಗ್ ತಾಣದಲ್ಲಿ ಸುಳಿವನ್ನು ಗುಟ್ಟಾಗಿಡಲು ಇಂಗ್ಲಿಷ್ ಅಕ್ಷರಗಳನ್ನು 13 ಸ್ಥಾನ ಸರಿಸುವ ಪದ್ಧತಿ ಇದೆ. ಕನ್ನಡ ಅಕ್ಷರಕ್ಕೆ ಅದು ಅನ್ವಯಿಸುವುದಿಲ್ಲ, ಬರೆದದ್ದು ಹಾಗೇ ಉಳಿಯುತ್ತದೆ. ಗುಟ್ಟು ಬೇಕಾದರೆ ಸುಳಿವು ಇಂಗ್ಲಿಷ್ ಅಕ್ಷರಗಳಲ್ಲಿ ಇರಲಿ, ಜಾಗದ ಕಥೆಯನ್ನು ಎರಡೂ ಭಾಷೆಯಲ್ಲಿ ಬರೆಯಿರಿ.

ಇಟ್ಟ ಮೇಲೆ

ಮುಂಗಾರಿಗೆ ಮೊದಲು ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಹೋಗಿ ನೋಡುವುದು ಕಡ್ಡಾಯ ಅಂದುಕೊಳ್ಳಿ. ಜೇಬಿನಲ್ಲಿ ಹೊಸ ಚೀಟಿ, ರಬ್ಬರ್ ರಿಂಗ್, ಒಣ ಬಟ್ಟೆ, ಚಿಮ್ಮಟ ಇರಲಿ. ತೇವವಾದ ಚೀಟಿಯನ್ನು ಅಲ್ಲೇ ಆರಿಸಿ ವಾಪಸ್ ಹಾಕಬೇಡಿ, ಹೊಸದು ಹಾಕಿ ಹಳೆಯದನ್ನು ಮನೆಗೆ ತನ್ನಿ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಪ್ಲಾಸ್ಟಿಕ್ ಮುಚ್ಚಳ ಪೆಡಸಾಗಿ ಬಿರುಕು ಬಿಡುತ್ತದೆ. ಉಗುರಿನಿಂದ ಒತ್ತಿ ನೋಡಿ, ಮೆತ್ತಗಿಲ್ಲದಿದ್ದರೆ ಬದಲಿಸಿ.

ಬೆನ್ನುಬೆನ್ನಿಗೆ ಇಬ್ಬರು ಸಿಗಲಿಲ್ಲ ಅಂತ ಬರೆದರೆ ಮೂರನೆಯವರಿಗಾಗಿ ಕಾಯಬೇಡಿ. ಹೋಗಿ ನೋಡಲು ಆಗದಿದ್ದರೆ ಕ್ಯಾಶನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆ ಇದೆ, ಅದನ್ನು ಒತ್ತಿ ಕಾರಣ ಬರೆಯಿರಿ. ಇನ್ನು ನಡೆಸಲು ಆಗುವುದಿಲ್ಲ ಅನ್ನಿಸಿದರೆ ಕ್ಯಾಶನ್ನು ಕಾಯಂ ಆಗಿ ಮುಚ್ಚಿ. ಮುಚ್ಚುವ ಮೊದಲು ಡಬ್ಬಿ, ತಂತಿ, ಮ್ಯಾಗ್ನೆಟ್, ಅಂಟಿನ ಚೂರು ಎಲ್ಲವನ್ನೂ ಅಲ್ಲಿಂದ ತೆಗೆದು, ಜಾಗ ಕೊಟ್ಟವರಿಗೂ ವಾಚ್‌ಮನ್‌ಗೂ ತಿಳಿಸಿ ಬನ್ನಿ.